ಹುಳ ಸಾಕುವ ಹುಡುಗಿ

ಉಪ್ಪಿನಕಾಯಿ ಬಾಟಲಿಯ ಮುಚ್ಚಳವೊಂದು ಸರಿಯಾಗಿ ಕೂತಿರಲಿಲ್ಲ. ಆದದ್ದು ಅಷ್ಟೇ. ಅಷ್ಟರಿಂದ ಒಬ್ಬ ಮನುಷ್ಯನ ಇಡೀ ಶನಿವಾರ ಹಾಳಾಗಬಹುದೆಂದು ತಿಪಟೂರಿನ ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಯಾರೂ ಎಣಿಸಿರಲಿಲ್ಲ. ಪಂಪ್‌ಸೆಟ್ಟಿನ ಮೋಟಾರುಗಳಿಗೆ ರಿವೈಂಡಿಂಗ್ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ ಯಾಸೀನನಂತೂ ಎಣಿಸಿರಲೇ ಇಲ್ಲ.

ಬಾಟಲಿಯಲ್ಲಿ ಇದ್ದದ್ದು ಉಪ್ಪಿನಕಾಯಿಯಲ್ಲ. ಹೆಬ್ಬೆರಳಿನ ಗಾತ್ರದ, ಮೂಗಿನ ಮೇಲೆ ಕೊಂಬಿದ್ದ ಕಪ್ಪು ದುಂಬಿ. ತೆಂಗಿನ ಮರದ ಸುಳಿ ಕೊರೆದು ತಿನ್ನುತ್ತದಲ್ಲ, ಅದೇ. ತೆಂಗನ್ನೇ ನಂಬಿದ ಸೀಮೆಯಲ್ಲಿ ಅದನ್ನು ಕಂಡೊಡನೆ ಎಲ್ಲರೂ ಚಪ್ಪಲಿ ಹುಡುಕುತ್ತಾರೆ. ಯಾಸೀನನ ಹತ್ತು ವರ್ಷದ ಮಗಳು ಸುಮಯ್ಯ ಮಾತ್ರ ಅದನ್ನು ಮೊಟ್ಟೆಯಿಂದ ಹಿಡಿದು ಸಾಕಿದ್ದಳು. ಸಗಣಿ ಗೊಬ್ಬರ ತುಂಬಿದ ಹದಿನೆಂಟು ಬಾಟಲಿಗಳಲ್ಲಿ ಹದಿನೆಂಟು ಹುಳ. ಯಾವುದು ಯಾವತ್ತು ಪೊರೆ ಬಿಟ್ಟಿತು, ಯಾವುದು ಎಷ್ಟು ದಿನ ಮಲಗಿತು ಎಂಬುದಕ್ಕೆಲ್ಲ ಒಂದು ನೋಟ್‌ಬುಕ್ಕು, ಅದರಲ್ಲಿ ಪುಟಕ್ಕೊಂದು ಚಿತ್ರ. ಆ ಜೂನಿನ ಮೊದಲ ಮಳೆಯ ವಾಸನೆಗೆ ಆರನೆಯ ನಂಬರಿನ ದುಂಬಿಗೆ ತಡೆಯಲಾಗಲಿಲ್ಲ. ಬೆಳಗಿನ ಜಾವ ಮುಚ್ಚಳ ತಳ್ಳಿಕೊಂಡು ಹೊರಬಿದ್ದು, ದೀಪ ಕಂಡ ಕಡೆ ಹಾರಿ, ಪಕ್ಕದ ಮನೆಯ ಶ್ರೀರಂಗಯ್ಯನವರ ಕಾಫಿ ಲೋಟದೊಳಗೆ ಇಳಿಯಿತು.

ಶ್ರೀರಂಗಯ್ಯನವರು ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಚೇರಿ ಬಿಟ್ಟಿದ್ದರು, ಇನ್ನೊಬ್ಬರ ಮೇಲೆ ಕಡತ ತೆರೆಯುವ ಚಟ ಬಿಟ್ಟಿರಲಿಲ್ಲ. ಲೋಟದ ಮೇಲೆ ತಟ್ಟೆ ಮುಚ್ಚಿ, ಸಾಕ್ಷಿ ಹಿಡಿದುಕೊಂಡು ಬರುವವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಯಾಸೀನನ ಬಾಗಿಲಿಗೆ ಬಂದರು.

"ಏನಯ್ಯಾ ಯಾಸೀನ್, ಇದೇನಿದು?"

ಯಾಸೀನ್ ತಟ್ಟೆ ಎತ್ತಿ ನೋಡಿದ. ಕಾಫಿಯಲ್ಲಿ ದುಂಬಿ ನಿಧಾನವಾಗಿ ಈಜುತ್ತಿತ್ತು.

"ತಪ್ಪಾಯ್ತು ಸ್ವಾಮಿ. ಬೇರೆ ಕಾಫಿ ಮಾಡ್ಸಿ ಕೊಡ್ತೀನಿ."

"ಕಾಫಿ ಮನೆ ಹಾಳಾಗ್ಲಿ ಕಣಯ್ಯ! ನುಸಿ ಪೀಡೆ ಬಂದು ಎರಡು ವರ್ಷದಿಂದ ನನ್ನ ಮರದ ಕಾಯಿ ನಿಂಬೆಹಣ್ಣಿನ ಗಾತ್ರ ಆಗಿದೆ. ಎಲ್ಲಿಂದ ಬಂತು ಅಂತಿದ್ದೆ. ಈಗ ಗೊತ್ತಾಯ್ತು. ಪಕ್ಕದ ಮನೇಲೇ ಕಾರ್ಖಾನೆ ಇದೆ."

ಅಷ್ಟರಲ್ಲಿ ಸುಮಯ್ಯ ಒಳಗಿಂದ ಓಡಿಬಂದಳು. "ಸಿಕ್ತಾ ತಾತಾ? ಆರನೇ ನಂಬರು! ನುಸಿಗೂ ಇದಕ್ಕೂ ಸಂಬಂಧ ಇಲ್ಲ ತಾತಾ. ನುಸಿ ಕಣ್ಣಿಗೇ ಕಾಣಲ್ಲ. ಇದು ಕಾಣುತ್ತಲ್ಲ?" ಎಂದು ದುಂಬಿಯನ್ನು ಎತ್ತಿ ಲಂಗಕ್ಕೆ ಒರೆಸಿ, ನೋಟ್‌ಬುಕ್ಕು ತೆರೆದು ಬರೆದುಕೊಂಡಳು: ಕಾಫಿಯಲ್ಲಿ ಮುಳುಗಿದರೂ ಸಾಯಲಿಲ್ಲ.

ಶ್ರೀರಂಗಯ್ಯನವರಿಗೆ ಹುಳಕ್ಕಿಂತ ಆ ಬರವಣಿಗೆಯೇ ಹೆಚ್ಚು ಉರಿಸಿತು. "ಶಾಲೆ ಬಿಟ್ಟ ಮಕ್ಕಳ ಸರ್ವೆಯೋರು ಇವತ್ತು ಸಾಯಂಕಾಲ ನಾಲ್ಕು ಗಂಟೆಗೆ ಈ ಬೀದಿಗೆ ಬರ್ತಾರೆ. ನಿನ್ನೆ ಆಟೋದಲ್ಲಿ ಮೈಕ್ ಕಟ್ಕೊಂಡು ಕೂಗಿದ್ದು ಕೇಳಿಸ್ತಾ? ಸಿಕ್ಕಿದ ಮಕ್ಕಳನ್ನ ಆರು ತಿಂಗಳು ಹಾಸ್ಟೆಲಲ್ಲಿ ಇಟ್ಟು ಕಲಿಸ್ತಾರಂತೆ. ನಾನೇ ಕೈ ಹಿಡ್ಕೊಂಡು ನಿನ್ನ ಮನೆ ತೋರಿಸ್ತೀನಿ."

ಯಾಸೀನ್ ಮಗಳ ಕಡೆ ತಿರುಗಿದ. ಆರು ತಿಂಗಳು! ಮಗಳು ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ.

ಸುಮಯ್ಯ ಶಾಲೆಗೆ ಹೋಗುತ್ತಿರಲಿಲ್ಲ ನಿಜ. ಸೇರಿಸಲು ಹೊರಟದ್ದುಂಟು. ಆರು ತುಂಬಿದ ವರ್ಷ ಯಾಸೀನ್ ಹೊಸ ಸ್ಲೇಟು ಕೊಡಿಸಿ ಕೈಹಿಡಿದು ಹೊರಟಿದ್ದ. ದಾರಿಯಲ್ಲಿ ಇರುವೆಗಳು ಸತ್ತ ಜಿರಲೆಯೊಂದನ್ನು ಎಳೆದುಕೊಂಡು ಹೋಗುತ್ತಿದ್ದವು. ಮಗು ಕುಕ್ಕರುಗಾಲಲ್ಲಿ ಕೂತಿತು. ಜಿರಲೆ ಗೂಡಿನ ಬಾಯಿಗಿಂತ ದಪ್ಪ, ಒಳಗೆ ಹೇಗೆ ಒಯ್ಯುತ್ತವೆ? ಯಾಸೀನನಿಗೂ ಗೊತ್ತಿರಲಿಲ್ಲ, ಅವನೂ ಕೂತ. ಇರುವೆಗಳು ಕಾಲು ಬೇರೆ ರೆಕ್ಕೆ ಬೇರೆ ಮಾಡಿ ಜಿರಲೆಯನ್ನು ಸಾಗಿಸಿ ಮುಗಿಸುವಷ್ಟರಲ್ಲಿ ಶಾಲೆಯ ಊಟದ ಗಂಟೆ ಹೊಡೆದಿತ್ತು. "ಅಬ್ಬಾ, ನೀನು ಮೋಟ್ರು ಬಿಚ್ಚೋದೂ ಹಿಂಗೇ ಅಲ್ವಾ?" ಎಂದು ಮಗಳು ಕೇಳಿದಾಗ ಯಾಸೀನ್ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದುಬಿಟ್ಟ. ತಾನು ನಾಲ್ಕು ವರ್ಷ ಶಾಲೆಯಲ್ಲಿ ಕೂತಿದ್ದಾಗ ಒಂದು ದಿನವೂ ಅಷ್ಟು ಸಂತೋಷಪಟ್ಟದ್ದು ಅವನಿಗೆ ನೆನಪಿರಲಿಲ್ಲ. ನೆನಪಿದ್ದದ್ದು, ಪ್ರಶ್ನೆ ಕೇಳಿದ್ದಕ್ಕೆ ಬಿಸಿಲಲ್ಲಿ ಮಂಡಿಯೂರಿದ್ದು.

ಅಂದಿನಿಂದ ಮಗಳಿಗೆ ಯಾವ ಹುಚ್ಚು ಹಿಡಿದರೂ ಅಪ್ಪ ಅದಕ್ಕೆ ನೀರೆರೆದ. ಅವಳು ಎಣಿಸಲು ಕಲಿತದ್ದು ಮೋಟಾರಿನ ಕಾಯಿಲಿಗೆ ಸುತ್ತುವ ತಾಮ್ರದ ತಂತಿಯ ಸುತ್ತುಗಳಿಂದ. ಓದಲು ಕಲಿತದ್ದು ಮೋಟಾರಿನ ಹೆಸರಿನ ತಗಡು, ಬೋಂಡ ಕಟ್ಟಿದ ಪೇಪರು, ತೆಂಗಿನ ಕೀಟಗಳ ಬಗ್ಗೆ ಯಾರೋ ರೈತರು ಅಂಗಡಿಯಲ್ಲಿ ಬಿಟ್ಟುಹೋದ ಕರಪತ್ರದಿಂದ. ಅಮ್ಮ ಹಬೀಬುನ್ನೀಸಾ ಎಸ್ಸೆಸ್ಸೆಲ್ಸಿ ಪಾಸಾದವಳು. ಮೊದಲು ಗಂಡನ ಜೊತೆ ಜಗಳವಾಡಿದಳು, ಆಮೇಲೆ ಮಗಳು ದಿನಕ್ಕೆ ನೂರು ಸಲ "ಯಾಕೆ?" ಎನ್ನುವುದನ್ನು ಕೇಳಿ ಕೇಳಿ ಸೋತು, ಖಾಲಿಯಾದ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ಕೊಡತೊಡಗಿದಳು.

ಬೀದಿಗೆ ಮಾತ್ರ ಇದು ಜೀರ್ಣವಾಗಲಿಲ್ಲ. ಸಾಬರು ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ ಎಂದರು ಕೆಲವರು. ಅಂಗಡಿಯ ಕೆಲಸಕ್ಕೆ ಇಟ್ಟುಕೊಂಡಿದ್ದಾನೆ ಎಂದರು ಕೆಲವರು. ಹುಡುಗಿಗೆ ತಲೆ ಸರಿಯಿಲ್ಲವಂತೆ ಎಂದು ಉಳಿದವರು ಮರುಗಿದರು. ಮಗು ಖುಷಿಯಾಗಿ ಕಲಿಯಲಿ ಎಂದು ಅಪ್ಪನೊಬ್ಬ ಶಾಲೆ ಬೇಡವೆಂದಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಜನಕ್ಕೆ ಕೆಟ್ಟ ಕಾರಣಗಳು ಬೇಗ ಹೊಳೆಯುತ್ತವೆ.

ಹೀಗಾಗಿ ಆ ಬೆಳಿಗ್ಗೆ ಯಾಸೀನ್ ಅಂಗಡಿಯ ಬಾಗಿಲು ತೆಗೆಯದೆ ಶ್ರೀರಂಗಯ್ಯನವರ ಜಗಲಿಯ ಮುಂದೆ ಕೈಕಟ್ಟಿ ನಿಂತ. ಒಂದು ಗಂಟೆ ನಿಲ್ಲಿಸಿಕೊಂಡ ಮೇಲೆ ಅವರು ಷರತ್ತು ಹೇಳಿದರು.

"ಹಿತ್ತಿಲಲ್ಲಿ ನಾಲ್ಕು ಮರ ಇವೆ. ನಾಲ್ಕರ ಸುಳೀಲೂ ನಿನ್ನ ಮಗಳ ಹುಳ ಕೂತಿವೆ. ಒಂದೂ ಬಿಡದಂಗೆ ತೆಗೆದುಕೊಡು. ಸರ್ವೆಯೋರ ಮುಂದೆ ನಾನು ಬಾಯಿ ಬಿಡಲ್ಲ."

"ಮರ ಹತ್ತೋ ಮಾರಯ್ಯ ಊರಲ್ಲಿಲ್ಲ ಸ್ವಾಮಿ. ದಬ್ಬೇಘಟ್ಟಕ್ಕೆ ಮದುವೆಗೆ ಹೋಗವ್ನೆ."

"ನೀನು ಹತ್ತಯ್ಯ. ಗಿಡ್ಡ ತಳಿ. ಏಣಿ ಸಾಕು."

ಯಾಸೀನ್ ಹುಟ್ಟಿದ ಮೇಲೆ ಸ್ಟೂಲಿಗಿಂತ ಎತ್ತರದ್ದು ಯಾವುದನ್ನೂ ಹತ್ತಿದವನಲ್ಲ. ಮಗಳಿಗಾಗಿ ಹತ್ತಿದ. ಕೈಯಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಕಡ್ಡಿ. ಕೆಳಗೆ ಏಣಿ ಹಿಡಿದುಕೊಳ್ಳಲು ಸುಮಯ್ಯ, ನೋಡಲು ಅರ್ಧ ಬೀದಿ. "ಅಬ್ಬಾ, ಮೂರನೇ ಗರಿ ಬುಡದಲ್ಲಿ ನೋಡು, ಅಗಿದ ನಾರು ಆಚೆ ಬಂದಿರುತ್ತೆ, ಅಲ್ಲೇ ತೂತು!" ಎಂದು ಮಗಳು ಕೂಗುತ್ತಿದ್ದಳು. ಅವಳು ಹೇಳಿದಲ್ಲೆಲ್ಲ ತೂತಿತ್ತು, ತೂತಿನಲ್ಲೆಲ್ಲ ದುಂಬಿಯಿತ್ತು. ಕೆಂಜಿಗಗಳೂ ಇದ್ದವು. ಮೂರನೆಯ ಮರದಲ್ಲಿ ಅವು ಅಂಗಿಯೊಳಗೆ ಇಳಿದಾಗ ಯಾಸೀನ್ ಎರಡೂ ಕೈಯಿಂದ ತುರಿಸಿಕೊಳ್ಳಲು ಹೋಗಿ, ಒಂದು ಗರಿ ತಬ್ಬಿಕೊಂಡು ಗರಿಯ ಸಮೇತ ಕೆಳಗೆ ಬಂದ. ಅವನ ಹಿಂದೆಯೇ ಬಂದ ಎಳನೀರು ಗೊನೆಯೊಂದು ಶ್ರೀರಂಗಯ್ಯನವರ ಬಚ್ಚಲುಮನೆಯ ಹೆಂಚಿನ ಮೇಲೆ ಬಿತ್ತು.

ಯಾಸೀನನಿಗೆ ಸೊಂಟ ನೋಯುತ್ತಿತ್ತು. ಆದರೂ ಹನ್ನೊಂದು ದುಂಬಿ ಸಿಕ್ಕಿದ್ದವು. ಶ್ರೀರಂಗಯ್ಯನವರು ಅವನ್ನು ತಟ್ಟೆಯಲ್ಲಿ ಸಾಲಾಗಿ ಇಡಿಸಿ ನೆರೆದವರಿಗೆ ತೋರಿಸಿದರು. "ನೋಡ್ರಪ್ಪಾ, ಇವರ ಮಗಳ ವಿದ್ಯಾಭ್ಯಾಸ!"

ಸುಮಯ್ಯ ತಟ್ಟೆಯ ಮುಂದೆ ಕೂತು ಒಂದೊಂದನ್ನೂ ತಿರುಗಿಸಿ ನೋಡಿದಳು. "ಇವು ನಮ್ಮವಲ್ಲ ತಾತಾ. ನಮ್ಮವಕ್ಕೆಲ್ಲ ಬೆನ್ನ ಮೇಲೆ ಬಿಳೀ ಬಣ್ಣದಲ್ಲಿ ನಂಬರು ಹಾಕಿದೀನಿ. ಇವು ನಿಮ್ಮ ಗೊಬ್ಬರದ ಗುಂಡೀಲೇ ಹುಟ್ಟಿದ್ದು."

"ನನ್ನ ಗುಂಡೀಲಾ?"

"ಬನ್ನಿ ತೋರಿಸ್ತೀನಿ."

ಯಾಸೀನ್ ಬೇಡವೆಂದು ಕಣ್ಣು ಮಿಟುಕಿಸಿದ, ಕೆಮ್ಮಿದ, ಕೊನೆಗೆ "ಬೇಟಾ, ಮನೆಗ್ಹೋಗಣ" ಎಂದೂ ಅಂದ. ಹುಡುಗಿ ಆಗಲೇ ಶ್ರೀರಂಗಯ್ಯನವರ ಗೊಬ್ಬರದ ಗುಂಡಿಯ ಪಕ್ಕದಲ್ಲಿದ್ದ ಗುದ್ದಲಿ ತೆಗೆದುಕೊಂಡಿದ್ದಳು. ಎರಡು ಏಟಿಗೆ ಗುಂಡಿ ಬಾಯಿಬಿಟ್ಟಿತು. ಕೊಬ್ಬಿದ ಬಿಳೀ ಹುಳಗಳು, ಒಂದಲ್ಲ ಎರಡಲ್ಲ, ಸುರುಳಿ ಸುತ್ತಿಕೊಂಡು ಮಿಜಿಮಿಜಿ ಎನ್ನುತ್ತಿದ್ದವು. ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಅಯ್ಯೋ, ನಮ್ ಮರಕ್ಕೂ ಇಲ್ಲಿಂದ್ಲೇ ಬತ್ತಾ ಇದ್ವಲ್ಲಪ್ಪೋ!" ಎಂದು ಗಟ್ಟಿಯಾಗಿಯೇ ಹೇಳಿದರು.

ಹತ್ತು ವರ್ಷದ ಹುಡುಗಿ ಹೇಳಿದ್ದು ಸರಿಯಾಗಿತ್ತು, ಅದೂ ಎಲ್ಲರ ಮುಂದೆ. ಇದಕ್ಕಿಂತ ದೊಡ್ಡ ಅಪರಾಧವನ್ನು ಶ್ರೀರಂಗಯ್ಯನವರು ಮೂವತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. "ನಾಲ್ಕು ಗಂಟೆಗೆ ನೋಡ್ಕೋತೀನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಾಸೀನ್ ಕುಂಟುತ್ತಾ ಮನೆಗೆ ಬಂದರೆ ಎದುರು ಮನೆಯ ಕೆಂಪಕ್ಕ ಆಗಲೇ ಬಂದು ಕೂತಿದ್ದಳು. ಹೂ ಕಟ್ಟಿ ಮಾರುವ ಹೆಂಗಸು. ಕೈಯಲ್ಲಿ ಹೂ ಇಲ್ಲದಾಗ ಬೇರೆಯವರ ಸಂಸಾರ ಕಟ್ಟುತ್ತಿದ್ದಳು.

"ಹೆದ್ರುಕೊಬ್ಯಾಡ ಕಣಪ್ಪ ಯಾಸೀನು. ನಾನಿಲ್ವಾ? ನನ್ ಮೊಮ್ಮಗಳ ಯೂನಿಫಾರಂ ತಂದಿವ್ನಿ, ಆಕ್ಬುಡು. ಇವತ್ತು ಶನಿವಾರ, ಬೆಳಗಿನ ಸ್ಕೂಲು. ಮುಗಿಸ್ಕೊಂಡು ಬಂದವ್ಳೆ, ಬಟ್ಟೆ ಇನ್ನೂ ಬಿಚ್ಚಿಲ್ಲ ಅನ್ನು. ಯಾರ್ ಕೇಳ್ತಾರೆ? ಆ ಹುಳ ಒಂದು ಬಚ್ಚಿಡು, ಮಗ್ಗಿ ಒಂದು ಬಾಯಿಪಾಠ ಮಾಡ್ಸು, ಮುಗೀತು."

ಮೊಮ್ಮಗಳು ಎಂಟು ವರ್ಷದವಳು. ಬಿಳೀ ಅಂಗಿಯ ಗುಂಡಿ ಹಾಕಿದರೆ ಸುಮಯ್ಯನಿಗೆ ಉಸಿರಾಡಲಾಗುತ್ತಿರಲಿಲ್ಲ, ನೀಲಿ ಲಂಗ ಮಂಡಿಗಿಂತ ಮೇಲೆಯೇ ನಿಂತಿತು. ಹಬೀಬುನ್ನೀಸಾ ಹದಿನೆಂಟು ಬಾಟಲಿಗಳನ್ನೂ ಬಟ್ಟೆ ಒಗೆಯುವ ಟಬ್ಬಿನಲ್ಲಿ ಜೋಡಿಸಿ, ಮೇಲೆ ಒದ್ದೆ ಸೀರೆ ಹೊದಿಸಿದಳು. ಕೆಂಪಕ್ಕ ಮಗ್ಗಿ ಶುರುಮಾಡಿದಳು.

"ಏಳೆಂಟ್ಲ ಎಷ್ಟವ್ವಾ?"

"ಸುತ್ತು ಏಳು, ಪದರ ಎಂಟು... ಐವತ್ತಾರು."

"ಸರಿ ಐತೆ ಕಣೇ, ಆದ್ರೆ ಹಂಗಲ್ಲ. ಯೋಚ್ನೆ ಮಾಡ್ಬಾರ್ದು. ರಾಗವಾಗಿ ಬರ್ಬೇಕು."

"ಯೋಚ್ನೆ ಯಾಕೆ ಮಾಡ್ಬಾರ್ದು ಅಜ್ಜೀ?"

ಕೆಂಪಕ್ಕ, "ಇದು ಉದ್ಧಾರ ಆಗಲ್ಲ ಬುಡು" ಎಂದು ಅಡಿಕೆ ಬಾಯಿಗೆ ಹಾಕಿಕೊಂಡಳು.

ಯಾಸೀನ್ ಮಗಳನ್ನು ಮಡಿಲಿಗೆಳೆದುಕೊಂಡ. "ಬೇಟಾ, ಅವ್ರು ಕೇಳಿದ್ರೆ ನಾಲ್ಕನೇ ಕ್ಲಾಸು ಅನ್ನು. ಒಂದೇ ಮಾತು."

"ನಾನು ನೋಡೇ ಇಲ್ವಲ್ಲ ಅಬ್ಬಾ ನಾಲ್ಕನೇ ಕ್ಲಾಸು. ನೋಡದೇ ಇರೋದನ್ನ ಬರೀಬೇಡ ಅಂತ ನೀನೇ ಹೇಳಿದ್ದೆ."

ಹೇಳಿದ್ದ. ನೋಟ್‌ಬುಕ್ಕು ಕೊಡಿಸಿದ ದಿನವೇ ಹೇಳಿದ್ದ. ಮಗಳ ಮುಖ ನೋಡಲಾಗದೆ ಯಾಸೀನ್ ಎದ್ದು ಹಿತ್ತಿಲಿಗೆ ಹೋದ. ಅವನಿಗೆ ಬಹಳ ನಾಚಿಕೆಯಾಗಿತ್ತು.

ನಾಲ್ಕು ಗಂಟೆಗೆ ಸರಿಯಾಗಿ ಬಂದರು. ಟ್ಯಾಂಕಿನ ಪಕ್ಕದ ಶಾಲೆಯ ಟೀಚರು ಯಮುನಾ, ಹೆಗಲಲ್ಲಿ ರಿಜಿಸ್ಟರುಗಳು ತುಂಬಿದ ಚೀಲ. ಸ್ಕೂಟರಿನಲ್ಲಿ ಸರ್ವೆಯ ಮೇಲ್ವಿಚಾರಕ ಜುಂಜಯ್ಯ, ಜೇಬಿನಲ್ಲಿ ಎರಡು ಪೆನ್ನು. ಶ್ರೀರಂಗಯ್ಯನವರು ಒಗೆದ ಪಂಚೆಯುಟ್ಟು, ಯಾಸೀನನ ಬಾಗಿಲ ಮುಂದೆ ತಮ್ಮದೇ ಮನೆಯ ಕುರ್ಚಿ ತಂದು ಹಾಕಿ ಸ್ವಾಗತಿಸಿದರು.

"ಬನ್ನಿ ಸಾರ್. ಬೇರೆ ಮನೆ ಆಮೇಲೆ. ಇಲ್ಲೊಂದು ಕೇಸಿದೆ."

ಜುಂಜಯ್ಯ ಕುರ್ಚಿಯಲ್ಲಿ ಕೂತು ಯಾಸೀನನನ್ನು ಮೇಲೆ ಕೆಳಗೆ ನೋಡಿದ. ಎಲ್ಲ ಅರ್ಥವಾದವನಂತೆ ನಿಟ್ಟುಸಿರು ಬಿಟ್ಟ. "ನೋಡಪ್ಪಾ, ನಿಮ್ಮಲ್ಲಿ ಹೆಣ್ಣುಮಕ್ಕಳನ್ನ ಓದ್ಸಲ್ಲ ಅಂತ ಗೊತ್ತು. ಆದ್ರೆ ಕಾಲ ಬದಲಾಗೈತೆ..."

"ನಾನು ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸು ಸಾರ್" ಎಂದಳು ಬಾಗಿಲಲ್ಲಿ ನಿಂತಿದ್ದ ಹಬೀಬುನ್ನೀಸಾ.

ಜುಂಜಯ್ಯನಿಗೆ ಮುಂದಿನ ಭಾಷಣ ಮರೆತುಹೋಯಿತು. ಹುಡುಗಿಯ ಕಡೆ ತಿರುಗಿದ. "ಏನಮ್ಮಾ, ಯೂನಿಫಾರಂ ಹಾಕಿದ್ದೀಯ. ಯಾವ ಕ್ಲಾಸು?"

ಸುಮಯ್ಯ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ.

"ನಾನು ಸ್ಕೂಲಿಗೆ ಹೋಗಲ್ಲ ಸಾರ್. ಇದು ಕೆಂಪಜ್ಜಿ ಮೊಮ್ಮಗಳ ಡ್ರೆಸ್ಸು. ನಾನು ಹುಳ ಸಾಕ್ತೀನಿ. ನೋಡ್ತೀರಾ?" ಎಂದವಳೇ ಒಳಗೋಡಿ ಒದ್ದೆ ಸೀರೆ ಸರಿಸಿ ಎರಡು ಬಾಟಲಿ ತಂದು ಅವನ ತೊಡೆಯ ಮೇಲಿಟ್ಟಳು. ಜುಂಜಯ್ಯ ಕುರ್ಚಿ ಸಮೇತ ಹಿಂದೆ ಸರಿದ.

"ಕೇಳಿಸ್ಕೊಂಡ್ರಾ ಸಾರ್? ಬರ್ಕೊಳ್ಳಿ" ಎಂದರು ಶ್ರೀರಂಗಯ್ಯ. ಅವರ ಮುಖದಲ್ಲಿ ಬೆಳಗಿನ ಕಾಫಿ ಈಗ ಸಿಕ್ಕಿದ ಕಳೆಯಿತ್ತು.

ಜುಂಜಯ್ಯ ಫಾರಂ ತೆಗೆದ. "ಹೆಸರು?"

"ಸುಮಯ್ಯ. ತಂದೆ ಯಾಸೀನ್" ಎಂದ ಯಾಸೀನ್. ಮಗಳ ಬಟ್ಟೆಗೆ ಯಾವ ಪೆಟ್ಟಿಗೆ ಕೊಡುವುದು, ಹುಳಗಳನ್ನು ಯಾರು ನೋಡಿಕೊಳ್ಳುವುದು ಎಂದೆಲ್ಲ ಅವನ ಮನಸ್ಸು ಆಗಲೇ ಎಲ್ಲೆಲ್ಲೋ ಓಡುತ್ತಿತ್ತು.

ಯಮುನಾ ಟೀಚರ ಮುಖ ಬಿಳಿಚಿತು. "ಸಾರ್, ಒಂದ್ನಿಮಿಷ. ಆ ಮಗು... ಆ ಮಗು ನಮ್ಮ ಸ್ಕೂಲಲ್ಲೇ ಇದೆ."

"ಎಲ್ಲಿದೆ?"

"ನಾಲ್ಕನೇ ಕ್ಲಾಸಲ್ಲಿ ಸಾರ್." ಚೀಲದಿಂದ ಹಾಜರಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದಳು. ಸುಮಯ್ಯ, ತಂದೆ ಯಾಸೀನ್, ಟ್ಯಾಂಕಿನ ಹಿಂದಿನ ಬೀದಿ. ಸೋಮವಾರ ಹಾಜರು, ಮಂಗಳವಾರ ಹಾಜರು, ಆ ದಿನ ಬೆಳಿಗ್ಗೆಯೂ ಹಾಜರು. ಹೋದ ವರ್ಷದ ಒಟ್ಟು ಹಾಜರಿ ನೂರಕ್ಕೆ ತೊಂಬತ್ತೆಂಟು.

ಎಲ್ಲರೂ ಪುಸ್ತಕ ನೋಡಿದರು, ಆಮೇಲೆ ಹುಡುಗಿಯನ್ನು ನೋಡಿದರು. ಜುಂಜಯ್ಯ ಒಂದೇ ಕ್ಷಣ ಯೋಚಿಸಿದ. ಅವನು ಅನುಭವಸ್ಥ. ಮೇಲಾಗಿ, ತನ್ನ ವ್ಯಾಪ್ತಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಸೊನ್ನೆ ಎಂದು ಹಿಂದಿನ ದಿನವೇ ವರದಿ ಕಳಿಸಿ, ಆಮೇಲೆ ಸರ್ವೆಗೆ ಹೊರಟವನು.

"ಏನ್ರೀ ಶ್ರೀರಂಗಯ್ಯನೋರೇ," ಎಂದ ಗಡುಸಾಗಿ, "ದಿನಾ ಸ್ಕೂಲಿಗೆ ಹೋಗೋ ಮಗೂ ಮೇಲೆ ಕಂಪ್ಲೇಂಟ್ ಕೊಡ್ತೀರಲ್ರೀ? ರಿಟೈರ್ ಆದೋರು ನೀವು. ದಾಖಲೆ ಅಂದ್ರೆ ಏನು ಅಂತ ನಿಮಗೆ ಹೇಳ್ಕೊಡ್ಬೇಕಾ?"

"ಸಾರ್, ಅದೇ ಹೇಳ್ತಲ್ಲ ಹೋಗಲ್ಲ ಅಂತ!"

"ಮಕ್ಕಳು ತಮಾಷೆಗೆ ಏನೇನೋ ಹೇಳ್ತವೆ. ರಿಜಿಸ್ಟರ್ ತಮಾಷೆ ಮಾಡಲ್ಲ."

ಬದುಕಿಡೀ ಶ್ರೀರಂಗಯ್ಯನವರೂ ಅದನ್ನೇ ಹೇಳಿಕೊಂಡು ಬಂದವರು. ಕುರ್ಚಿ ವಾಪಸು ಕೇಳಲೂ ಆಗದೆ, ಕಾಂಪೌಂಡಿನ ಆಚೆ ಹೋಗಿ ನಿಂತುಕೊಂಡರು.

ಯಾಸೀನನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಬೀಬುನ್ನೀಸಾ ಚಹಾ ತಂದಳು. ಜುಂಜಯ್ಯ ಕುಡಿದು, ಟೀಚರ ಚೀಲದಿಂದ ಇಣುಕುತ್ತಿದ್ದ ಒಂದು ಹಾಳೆ ಎಳೆದು ನೋಡಿದ. "ಹೋದ ವರ್ಷದ ಅಂಕಪಟ್ಟಿಗೆ ಪೋಷಕರ ಸಹಿ ಇಲ್ವಲ್ಲ ಮೇಡಂ? ತಂದೆ ಇಲ್ಲೇ ಅವ್ರೆ, ಹಾಕಿಸ್ಕೊಳ್ಳಿ. ಸೋಮವಾರ ಮೇಲಿನೋರು ತನಿಖೆಗೆ ಬಂದಾಗ ಕೇಳ್ತಾರೆ" ಎಂದು ಹೇಳಿ ಮುಂದಿನ ಮನೆಗೆ ನಡೆದ.

ಅವನು ಮರೆಯಾದ ಮೇಲೆ ಯಮುನಾ ಟೀಚರು ಜಗಲಿಯ ಮೇಲೆ ಕುಸಿದು ಕೂತಳು. "ತಪ್ಪು ತಿಳ್ಕೋಬೇಡಿ ಸಾಬ್ರೇ. ಮಕ್ಕಳು ಕಮ್ಮಿಯಾದ್ರೆ ಒಂದು ಪೋಸ್ಟ್ ಹೆಚ್ಚುವರಿ ಅಂತ ತೆಗೆದು ದೂರ ಎಲ್ಲಿಗೋ ಎತ್ತಾಕ್ತಾರೆ. ಹೋಗೋಳು ನಾನೇ. ಪೋಲಿಯೋ ಹನಿ ಹಾಕಿದ ಪಟ್ಟಿ ನೋಡಿ ಹೆಡ್‌ಮಾಸ್ಟ್ರು ಒಂಬತ್ತು ಹೆಸರು ಸೇರ್ಸಿದ್ರು. ಅದರಲ್ಲಿ ನಿಮ್ಮ ಮಗೂನೂ ಒಂದು. ದಿನಾ ಬೆಳಿಗ್ಗೆ ನಾನೇ ಸುಮಯ್ಯ ಅಂತ ಕರೀತೀನಿ, ನಾನೇ ಹಾಜರಿ ಹಾಕ್ಕೋತೀನಿ. ಅಭ್ಯಾಸ ಆಗಿಹೋಗಿದೆ. ಒಂದೊಂದ್ಸಲ 'ಎಸ್ ಮಿಸ್' ಅಂದಂಗೂ ಕೇಳುತ್ತೆ."

ಯಾಸೀನ್ ಸೊಂಟದ ನೋವು ಮರೆತು ನಕ್ಕ. ಇದಕ್ಕಿಂತ ಒಳ್ಳೆಯ ಏರ್ಪಾಟು ಯಾವ ಅಪ್ಪನಿಗೆ ಸಿಕ್ಕೀತು? ಶಾಲೆಗೆ ಹೋಗುವ ಕೆಲಸವನ್ನು ಕಾಗದದ ಸುಮಯ್ಯ ನೋಡಿಕೊಳ್ಳುತ್ತಾಳೆ, ಮನೆಯ ಸುಮಯ್ಯ ಹುಳ ನೋಡಿಕೊಳ್ಳುತ್ತಾಳೆ. "ಹೆಸರು ಇರ್ಲಿ ಬುಡಿ ಮಿಸ್. ನಿಮ್ ಕೆಲಸಾನೂ ಉಳೀಲಿ, ನನ್ ಮಗಳೂ ಉಳೀಲಿ. ಎಲ್ಲಿ ಸಹಿ ಹಾಕ್ಬೇಕು?"

ಸಹಿ ಹಾಕಿ ಹಾಳೆ ವಾಪಸು ಕೊಡುವಷ್ಟರಲ್ಲಿ ಸುಮಯ್ಯ ಅದನ್ನು ತೆಗೆದುಕೊಂಡಳು. ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಗಟ್ಟಿಯಾಗಿ ಓದುವುದು ಅವಳ ರೂಢಿ. ಕೆಂಪಕ್ಕನ ಮೊಮ್ಮಗಳು, ಬೀದಿಯ ಇನ್ನೂ ನಾಲ್ಕಾರು ಮಕ್ಕಳು ಸುತ್ತ ನಿಂತಿದ್ದವು.

"ಸುಮಯ್ಯ. ನಾಲ್ಕನೇ ತರಗತಿ. ಕನ್ನಡ ನಲವತ್ತೊಂದು. ಗಣಿತ ಮೂವತ್ತಾರು. ಪರಿಸರ ಅಧ್ಯಯನ ಹನ್ನೊಂದು. ಫಲಿತಾಂಶ ಅನುತ್ತೀರ್ಣ." ತಲೆಯೆತ್ತಿದಳು. "ಅಬ್ಬಾ, ಅನುತ್ತೀರ್ಣ ಅಂದ್ರೆ ಏನು?"

ಯಾಸೀನ್ ಬಾಯಿ ತೆರೆಯುವ ಮೊದಲೇ ಕಾಂಪೌಂಡಿನ ಆಚೆಯಿಂದ ಶ್ರೀರಂಗಯ್ಯನವರ ಧ್ವನಿ ಬಂತು. "ಫೇಲು ಅಂತ ಕಣಮ್ಮಾ. ಫೇಲು."

"ಸುಮಯ್ಯ ಫೇಲಂತೆ ಕಣ್ರೋ!" ಎಂದಿತು ಒಂದು ಮಗು.

ಯಮುನಾ ಟೀಚರು ಗಡಬಡಿಸಿ ಯಾಸೀನನ ಕಿವಿಯ ಹತ್ತಿರ ಬಗ್ಗಿದಳು. "ಎಲ್ಲಾರೂ ಪಾಸು ಅಂದ್ರೆ ಮೇಲಿನೋರು ನಂಬಲ್ಲ ಸಾಬ್ರೇ. ವರ್ಷಕ್ಕೆ ಇಬ್ಬರನ್ನಾದ್ರೂ ಕೂರಿಸ್ಬೇಕು. ಬರೋ ಮಕ್ಕಳನ್ನ ಫೇಲ್ ಮಾಡಿದ್ರೆ ಅಪ್ಪ ಅಮ್ಮ ಜಗಳಕ್ಕೆ ಬರ್ತಾರೆ. ಬರದೇ ಇರೋ ಮಗು ಅಂದ್ರೆ ಯಾರಿಗೂ ನೋವಾಗಲ್ವಲ್ಲ ಅಂತ..."

"ಆಗ್ಲಿ ಬುಡಿ ಮಿಸ್, ಕಾಗದದಲ್ಲಿ ತಾನೇ" ಎಂದು ನಗುತ್ತಲೇ ತಿರುಗಿದ ಯಾಸೀನ್, ಮಗಳ ಮುಖ ನೋಡಿ ನಗು ನಿಲ್ಲಿಸಿದ. ಹತ್ತು ವರ್ಷದಲ್ಲಿ ಆ ಮುಖ ಅವನು ನೋಡಿರಲಿಲ್ಲ.

"ಯಾವ ಪ್ರಶ್ನೆ ತಪ್ಪಾಯ್ತು ಮಿಸ್?" ಎಂದು ಕೇಳಿದಳು ಸುಮಯ್ಯ.

ಯಮುನಾ ಟೀಚರು ಹಾಳೆ ತೆಗೆದುಕೊಂಡು ಚೀಲಕ್ಕೆ ತುರುಕಿದಳು.

"ಪರಿಸರ ಅಂದ್ರೆ ಹುಳ, ಮರ, ಅದೇ ಅಲ್ವಾ? ನಂಗೆ ಅದು ಬರುತ್ತೆ ಮಿಸ್. ಇದನ್ನ ನೋಡಿ ಮಾರ್ಕ್ಸು ಕೊಡಿ" ಎಂದು ತನ್ನ ನೋಟ್‌ಬುಕ್ಕು ತಂದು ಕೊಟ್ಟಳು.

ಟೀಚರು ಪುಟ ತಿರುಗಿಸಿದಳು. ಹುಳ ಪೊರೆ ಬಿಡುವುದು, ಮಣ್ಣಿನ ಗೂಡು ಕಟ್ಟುವುದು, ಕೊಂಬು ಮೂಡುವುದು, ದಿನ, ತಿಂಗಳು, ಅಳತೆ. ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿಕೊಂಡಿತು. ಕೆಟ್ಟ ಹೆಂಗಸಲ್ಲ ಅವಳು. "ತುಂಬಾ ಚೆನ್ನಾಗಿದೆ ಕಣಮ್ಮ. ನಾನೂ ಇದನ್ನೆಲ್ಲ ನೋಡಿರ್ಲಿಲ್ಲ. ಆದ್ರೆ ಇದು ಸಿಲಬಸ್ಸಲ್ಲಿ ಇಲ್ಲ" ಎಂದು ಪುಸ್ತಕ ಮುಚ್ಚಿ ಕೊಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಯಾಸೀನ್ ಮಗಳ ಮುಂದೆ ಮಂಡಿಯೂರಿ ಕೂತ. "ಬೇಟಾ, ನೀನು ಪರೀಕ್ಷೇನೇ ಬರ್ದಿಲ್ಲ. ಬರೀದೇ ಇರೋರು ಹೆಂಗೆ ಫೇಲಾಗ್ತಾರೆ? ಅದು ಸುಳ್ಳು."

"ಸುಳ್ಳಾದ್ರೆ ನೀನು ಯಾಕೆ ಸಹಿ ಹಾಕ್ದೆ ಅಬ್ಬಾ?"

ಹತ್ತು ವರ್ಷ ಅವಳ ಸಾವಿರ ಪ್ರಶ್ನೆಗಳಿಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ನೋಡೋಣ ಬಾ ಎಂದು ಹೇಳಿಕೊಂಡು ಬಂದವನಿಗೆ ಈ ಒಂದಕ್ಕೆ ಎರಡೂ ಹೇಳಲಾಗಲಿಲ್ಲ.

"ಅದಕ್ಕೆ ಸ್ಕೂಲಿನ ಸೀಲೂ ಐತೆ" ಎಂದಳು ಮಗಳು ಮೆಲ್ಲಗೆ. ಆಮೇಲೆ ಎದ್ದು ಎದುರು ಮನೆಗೆ ಹೋದಳು.

ಬಂದಾಗ ಅವಳ ಕೈಯಲ್ಲಿ ನಾಲ್ಕನೇ ತರಗತಿಯ ಪರಿಸರ ಪುಸ್ತಕವಿತ್ತು, ಕೆಂಪಕ್ಕ ಯಾರದೋ ಮನೆಯಿಂದ ಹುಡುಕಿ ಕೊಡಿಸಿದ್ದು. ಇಕ್ಕಟ್ಟಾದ ಯೂನಿಫಾರಂ ಬಿಚ್ಚು ಎಂದರೆ ಬಿಚ್ಚಲಿಲ್ಲ. ಗೋಡೆಗೊರಗಿ ಕೂತು, ಹಿಂದೆ ಮುಂದೆ ತೂಗುತ್ತಾ ಓದತೊಡಗಿದಳು. ಆ ತೂಗಾಟ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಬೆಳಗಿನಿಂದ ಬಾಟಲಿಗಳಿಗೆ ಹೊಸ ಗೊಬ್ಬರ ಹಾಕಿರಲಿಲ್ಲ. ಹಬೀಬುನ್ನೀಸಾ ನೆನಪಿಸಿದಳು. "ಆಮೇಲೆ ಅಮ್ಮೀ, ಸೋಮವಾರ ಸ್ಕೂಲಿದೆ" ಎಂದು ಉತ್ತರ ಬಂತು.

ದೀಪ ಹಚ್ಚುವ ಹೊತ್ತಿಗೆ ಪುಸ್ತಕ ತಂದು ಅಪ್ಪನ ಕೈಗಿಟ್ಟಳು. "ಪಾಠದ ಕೊನೇಲಿರೋ ಪ್ರಶ್ನೆ ಕೇಳು ಅಬ್ಬಾ. ನಾನು ಉತ್ತರ ಹೇಳ್ತೀನಿ."

ಯಾಸೀನ್ ಬೆರಳಿಟ್ಟು ಓದಿದ. "ಕೀಟಗಳಿಗೆ ಎಷ್ಟು ಕಾಲುಗಳಿರುತ್ತವೆ?"

"ಕೀಟಗಳಿಗೆ ಆರು ಕಾಲುಗಳಿರುತ್ತವೆ." ರಾಗವಾಗಿ, ಯೋಚನೆಯಿಲ್ಲದೆ ಬಂತು.

ಅವನು ಆಸೆಯಿಂದ ಮಗಳ ಮುಖ ನೋಡಿದ. ನಿನ್ನೆಯಾಗಿದ್ದರೆ ಮೂರು ದಿನ ಅವಳಿಗೆ ನಿದ್ದೆ ಕೆಡಿಸುವಂಥ ಪ್ರಶ್ನೆಯೊಂದು ಅವನ ಬಾಯಿಗೆ ಬಂದಿತ್ತು. "ಆರೇ ಯಾಕೆ ಬೇಟಾ? ನಾಯಿಗೆ ನಾಲ್ಕು ಸಾಕಲ್ಲ, ಹುಳಕ್ಕೆ ಆರು ಯಾಕೆ ಬೇಕು?"

"ಯಾಕೆ ಅಂತ ಕೇಳಿಲ್ಲ ಅಬ್ಬಾ, ಎಷ್ಟು ಅಂತ ಕೇಳಿದಾರೆ ಅಷ್ಟೇ. ಮುಂದಿನದು ಕೇಳು" ಎಂದು ಸುಮಯ್ಯ ಕೈಕಟ್ಟಿಕೊಂಡು ನೆಟ್ಟಗೆ ನಿಂತಳು.

ಯಾಸೀನ್ ಎರಡನೆಯ ಪ್ರಶ್ನೆ ಕೇಳಿದ.